ಹಡಗಿನ ಚಿತ್ರ ಪಾಠಕ್ಕೆ ಯಾವ ಬಣ್ಣ? ಮೂರನ್ನೂ ಒಯ್ದು ನೋಡಿದೆ

ಕ್ರೂಸ್ ಹಡಗಿನಲ್ಲಿ ಅತಿಥಿ ಚಿತ್ರ ಶಿಕ್ಷಕಿಯಾಗಿ ಎರಡು ಸಲ ಹೋಗಿ ಬಂದೆ. ಎರಡೂ ಸಲ ಮೈಸೂರಿನ ಸರಸ್ವತಿಪುರಂ ಮನೆಯ ಹಾಲ್‌ನಲ್ಲಿ ಸೂಟ್‌ಕೇಸ್ ಬಿಚ್ಚಿಟ್ಟುಕೊಂಡು ಕೂತಾಗ ಕಾಡಿದ್ದು ಒಂದೇ ಪ್ರಶ್ನೆ. ಯಾವ ಬಣ್ಣ ಒಯ್ಯೋದು? ಈ ಕೆಲಸಕ್ಕೆ ಹೊರಡುವ ನಮ್ಮೂರಿನ ಹುಡುಗ ಹುಡುಗಿಯರು ಈಗ ನನ್ನನ್ನು ಕೇಳುವುದೂ ಇದನ್ನೇ. ಜಲವರ್ಣ, ಅಕ್ರಿಲಿಕ್, ವಾಟರ್ ಕಲರ್ ಪೆನ್ಸಿಲ್, ಈ ಮೂರರಲ್ಲೂ ಪಾಠ ಹೇಳಿ ನೋಡಿದ್ದೇನೆ.

ಹಡಗಿನಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ಮೊದಲು ಹೇಳಬೇಕು. ಅದು ಗೊತ್ತಿಲ್ಲದೆ ಬಣ್ಣ ಆರಿಸಲು ಆಗುವುದಿಲ್ಲ. ಎರಡನೇ ಪ್ರಯಾಣ ದುಬೈನಿಂದ ಸಿಂಗಾಪುರಕ್ಕೆ. ಮಧ್ಯೆ ಮುಂಬೈ, ಕೊಚ್ಚಿ, ಕೊಲಂಬೊ. ಒಟ್ಟು 14 ರಾತ್ರಿ. ಸಂಬಳ ಇಲ್ಲ. ನನಗೂ ಜೊತೆಗೆ ಬಂದ ತಂಗಿಗೂ ಕ್ಯಾಬಿನ್ ಮತ್ತು ಊಟ ಉಚಿತ, ಅಷ್ಟೇ. ಬಂದರಿನಲ್ಲಿ ನಿಂತ ದಿನ ಎಲ್ಲರೂ ಊರು ನೋಡಲು ಇಳಿಯುತ್ತಾರೆ, ಪಾಠ ಇರುವುದಿಲ್ಲ. ಬರೀ ಕಡಲಲ್ಲೇ ಸಾಗುವ ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತರಗತಿ. ಜಾಗ ರೆಸ್ಟೋರೆಂಟಿನ ಒಂದು ಮೂಲೆ. ತಿಂಡಿ ಮುಗಿದ ಮೇಲೆ ಟೇಬಲ್ ಸಿಗುತ್ತದೆ, ಊಟಕ್ಕೆ ತಟ್ಟೆ ಇಡುವ ಮುಂಚೆ ಬಿಟ್ಟುಕೊಡಬೇಕು. ಹೆಸರಿಗೆ ಒಂದು ಗಂಟೆ. ಹರಡುವುದು, ಒರೆಸುವುದು ಕಳೆದರೆ ಕೈಗೆ ಸಿಗುವುದು 40 ನಿಮಿಷ. ಕೆಳಗೆ ದಪ್ಪ ಕಾರ್ಪೆಟ್, ತಲೆ ಮೇಲೆ ಏಸಿ. ಜೊತೆಗೆ ಗಡಿಯಾರದ ವಿಷಯ ಬೇರೆ. ದುಬೈಗೂ ಸಿಂಗಾಪುರಕ್ಕೂ 4 ಗಂಟೆ ವ್ಯತ್ಯಾಸ. ಪೂರ್ವಕ್ಕೆ ಹೋಗುತ್ತಾ ಆಗಾಗ ರಾತ್ರಿ ಗಡಿಯಾರ ಮುಂದೆ ತಿರುಗಿಸುತ್ತಾರೆ. ಮಾರನೇ ಬೆಳಿಗ್ಗೆ ತರಗತಿಗೆ ಬರುವವರ ಕಣ್ಣಲ್ಲಿ ಇನ್ನೂ ನಿದ್ದೆ ಇರುತ್ತದೆ.

ಎಣ್ಣೆ ಬಣ್ಣದ ಯೋಚನೆಯನ್ನೇ ಬಿಟ್ಟುಬಿಡಿ. ಅದನ್ನು ತೆಳು ಮಾಡಲು ಬೇಕಾದ ಟರ್ಪಂಟೈನ್ ಬೇಗ ಬೆಂಕಿ ಹಿಡಿಯುವ ವಸ್ತು, ವಿಮಾನದ ಬ್ಯಾಗಿನಲ್ಲೇ ಬಿಡುವುದಿಲ್ಲ.

ಮೂರಕ್ಕೂ ಒಂದೇ ಚಿತ್ರ ಇಟ್ಟುಕೊಂಡೆ. ಒಂದು ಮೊಳ ಮೈಸೂರು ಮಲ್ಲಿಗೆ, ಕಡು ಹಸಿರು ಬಾಳೆ ಎಲೆಯ ಮೇಲೆ. ದೇವರಾಜ ಮಾರುಕಟ್ಟೆಯಲ್ಲಿ ಬೆಳಿಗ್ಗೆ ತೆಗೆದ ಫೋಟೋ ಅದು. ಸುಮ್ನೆ ಆರಿಸಿದ್ದಲ್ಲ. ಬಿಳಿ ಹೂವು ಬಿಡಿಸಲು ಹೊರಟರೆ ಬಣ್ಣದ ಗುಣ, ದೋಷ ಎರಡೂ ಬೇಗ ಹೊರಗೆ ಬರುತ್ತವೆ.

ಮೊದಲು ಜಲವರ್ಣ. ನನ್ನ ಪ್ರೀತಿ ಇದರ ಮೇಲೇ. ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಅವರು ಬರೆದ, ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಎಷ್ಟೋ ಜನ ಅದನ್ನು ರವಿವರ್ಮನದು ಅಂದುಕೊಳ್ಳುತ್ತಾರೆ. ಅದು ಜಲವರ್ಣ. ಹೈಸ್ಕೂಲಿನಲ್ಲಿದ್ದಾಗ ಅದರ ಮುಂದೆ ನಿಂತು ಅತ್ತಿದ್ದೆ. ಆದರೆ ಜಲವರ್ಣದಲ್ಲಿ ಬಿಳಿ ಹಚ್ಚುವ ಕ್ರಮವಿಲ್ಲ. ಹೂವಿನ ಜಾಗವನ್ನು ಮೊದಲೇ ಕಾಯ್ದುಕೊಂಡು ಸುತ್ತ ಹಸಿರು ತುಂಬಬೇಕು. ಕಾಗದದ ಬಿಳಿಯೇ ಮಲ್ಲಿಗೆ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಮೊದಲ ಸಲ ಬ್ರಶ್ ಹಿಡಿದವರಿಗೆ ಕೈ ತಪ್ಪುತ್ತದೆ. ಒಂದು ಹನಿ ಹಸಿರು ಮೊಗ್ಗಿನೊಳಗೆ ಹರಿದರೆ ಅವರ ಮುಖ ಬಾಡುತ್ತದೆ. ಹಡಗು ಓಲಾಡುವ ದಿನ ಲೋಟದ ನೀರೂ ಚೆಲ್ಲುತ್ತದೆ. ಎತ್ತರದ ಲೋಟ ಬಿಟ್ಟು ಅಗಲ ತಳದ ಬಟ್ಟಲಿಗೆ ಬಂದೆ, ಅರ್ಧ ಮಾತ್ರ ತುಂಬಿಸಿದೆ, ಆಗ ಸರಿಹೋಯಿತು. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ) ಇರಲೇಬೇಕು. ತೆಳುವಾದ ಕಾಗದ ನೀರು ಬಿದ್ದ ತಕ್ಷಣ ಹಪ್ಪಳದ ಹಾಗೆ ಮುದುರುತ್ತದೆ. ಏಸಿಯಲ್ಲಿ ಬೇಗ ಒಣಗಿದ್ದು ಅನುಕೂಲವಾಯಿತು. ಒಂದು ದಿನ ಮೇಲಿನ ಡೆಕ್‌ಗೆ ಕರೆದುಕೊಂಡು ಹೋದರೆ ಉಪ್ಪುಗಾಳಿಯ ತೇವಕ್ಕೆ ಬಣ್ಣ ಒಣಗಲೇ ಇಲ್ಲ.

ಮೊದಲ ದಿನ 22 ಜನ ಇದ್ದರು. ಮೂರನೇ ತರಗತಿಗೆ 9 ಜನ. ಆ ಒಂಬತ್ತು ಜನರ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಆದರೆ ಬಾರದೇ ಹೋದ 13 ಜನರ ನೆನಪು ನನ್ನನ್ನು ರಾತ್ರಿ ಎಬ್ಬಿಸುತ್ತಿತ್ತು.

ಅಕ್ರಿಲಿಕ್‌ನಲ್ಲಿ ಇದೆಲ್ಲ ತಲೆಕೆಳಗು. ಮೊದಲು ಇಡೀ ಹಾಳೆಗೆ ಹಸಿರು ಬಳಿ, ಒಣಗಿದ ಮೇಲೆ ಬಿಳಿ ಮೊಗ್ಗು ಇಡು. ತಪ್ಪಾದರೆ ಅದರ ಮೇಲೇ ಇನ್ನೊಂದು ಸಲ ಹಚ್ಚು. ಜನರಿಗೆ ಧೈರ್ಯ ಬರುತ್ತದೆ, 40 ನಿಮಿಷದಲ್ಲಿ ಹೊಳೆಯುವ ಚಿತ್ರ ಕೈಗೆ ಬರುತ್ತದೆ. ಖುಷಿ ಅಂದರೆ ಇದರಲ್ಲೇ ಜಾಸ್ತಿ. ಆದರೆ ಆ ಖುಷಿಗೆ ನಾನು ಕೊಟ್ಟ ಬೆಲೆ ದೊಡ್ಡದು. ಏಸಿ ಗಾಳಿಗೆ ಪ್ಯಾಲೆಟ್‌ನಲ್ಲೇ ಬಣ್ಣ ಕೆನೆ ಕಟ್ಟುತ್ತದೆ. ಬ್ರಶ್ ಹತ್ತು ನಿಮಿಷ ಮರೆತರೆ ಕಡ್ಡಿಯಾಗುತ್ತದೆ. ಒಣಗಿದ ಮೇಲೆ ಬಟ್ಟೆಯಿಂದ ಹೋಗುವುದಿಲ್ಲ. ಒಬ್ಬರ ಬಿಳಿ ಷರ್ಟಿನ ತೋಳಿಗೆ ಹಸಿರು ತಾಗಿತು. ಅವರು ನಕ್ಕು ಪರವಾಗಿಲ್ಲ ಅಂದರೂ ನನಗೆ ಆ ದಿನ ಊಟ ಸೇರಲಿಲ್ಲ. ಪ್ರತಿ ಪಾಠದ ನಂತರ ಮಂಡಿಯೂರಿ ಕಾರ್ಪೆಟ್ ನೋಡುವುದು ನನ್ನ ಮತ್ತು ತಂಗಿಯ ಕೆಲಸ.

ಇನ್ನೊಂದು ವಿಷಯ ನನಗೆ ಮುಖ್ಯ. ಅಕ್ರಿಲಿಕ್ ಅಂದರೆ ನೀರಿನಲ್ಲಿ ಸಣ್ಣ ಕಣಗಳಾಗಿ ಬೆರೆತ ಪ್ಲಾಸ್ಟಿಕ್ಕೇ. ಹಡಗಿನಿಂದ ಕಡಲಿಗೆ ಪ್ಲಾಸ್ಟಿಕ್ ಹಾಕುವಂತಿಲ್ಲ ಎಂಬುದು ಅಂತರರಾಷ್ಟ್ರೀಯ ನಿಯಮ. ಹಾಗಿರುವಾಗ 20 ಬ್ರಶ್ ತೊಳೆದ ನೀರನ್ನು ಬೇಸಿನ್‌ಗೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಮೊದಲು ಟಿಶ್ಯೂನಲ್ಲಿ ಚೆನ್ನಾಗಿ ಒರೆಸಿ, ಉಳಿದ ನೀರಿಗೆ ಬೇರೆ ಬಕೆಟ್ ಕೇಳಿ ಪಡೆದು, ಸಿಬ್ಬಂದಿಗೆ ಒಪ್ಪಿಸುತ್ತಿದ್ದೆ. ದಿನಕ್ಕೆ ಎರಡು ಸಲ ಇದೇ ಕೆಲಸ. ತೂಕವೂ ಕಡಿಮೆಯಲ್ಲ. ಅಕ್ರಿಲಿಕ್ ಡಬ್ಬಿಗಳೇ 6 ಕೆಜಿ, ಜಲವರ್ಣದ ಟ್ಯೂಬುಗಳೆಲ್ಲ ಸೇರಿ ಒಂದು ಕೆಜಿಯೂ ಇರಲಿಲ್ಲ.

ವಾಟರ್ ಕಲರ್ ಪೆನ್ಸಿಲ್ ಒಯ್ಯಲು ಹೇಳಿದವಳು ತಂಗಿ. "ಅಕ್ಕ, ಎಲ್ಲರೂ ಸ್ಕೂಲಲ್ಲಿ ಪೆನ್ಸಿಲ್ ಹಿಡಿದವರೇ ತಾನೇ?" ಅಂದಳು. ಅಷ್ಟು ವರ್ಷ ಪಾಠ ಮಾಡಿದರೂ ನನಗೆ ಹೊಳೆಯದ ಮಾತು ಅದು. 12 ಬಣ್ಣದ ಡಬ್ಬಿ, ಹಿಡಿಯೊಳಗೇ ನೀರು ತುಂಬುವ ಬ್ರಶ್ ಪೆನ್ನು. ಲೋಟವೇ ಬೇಡ. ಮೊಗ್ಗಿನ ಸುತ್ತ ಹಸಿರು ಗೀಚಿ, ಮೇಲೆ ಒದ್ದೆ ಬ್ರಶ್ ಎಳೆದರೆ ಬಣ್ಣ ಕರಗಿ ಹರಡುತ್ತದೆ. ಗೆರೆ ಹಾಕಿದ ಕಡೆ ಮಾತ್ರ ಬಣ್ಣ ಇರುವುದರಿಂದ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಜಲವರ್ಣದಲ್ಲಿ ನಾನು ಬಾಯಿ ನೋಯುವಷ್ಟು ಹೇಳಿದ್ದು ಇಲ್ಲಿ ಕೈಗೆ ತಾನಾಗಿ ತಿಳಿಯಿತು.

ಮದ್ದೂರಿನ ಕಡೆಯ ಹಿರಿಯರೊಬ್ಬರು ಮಗನ ಜೊತೆ ಬಂದಿದ್ದರು. ಕಬ್ಬು ಬೆಳೆಯುವವರು. ಜಲವರ್ಣದ ದಿನ ಬಾಗಿಲಲ್ಲೇ ನಿಂತು ನೋಡಿ ಹೋಗಿದ್ದರು. ಪೆನ್ಸಿಲ್ ಡಬ್ಬಿ ಕಂಡ ದಿನ ಒಳಗೆ ಬಂದು ಕುರ್ಚಿ ಎಳೆದುಕೊಂಡರು. "ಇದಾದ್ರೆ ಸರಿ ಬುಡಿ ಮೇಡಂ, ಗೊತ್ತಿರೋ ವಸ್ತು" ಅಂದರು. ಆಮೇಲೆ ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಕೊಲಂಬೊದಲ್ಲಿ ಇಳಿದಾಗ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡೇ ಹೋಗಿದ್ದರು.

ಪೆನ್ಸಿಲ್‌ನಲ್ಲಿ ಕೊರತೆ ಇಲ್ಲ ಎಂದಲ್ಲ. ಆಕಾಶ, ಕಡಲು ಇಂಥ ದೊಡ್ಡ ಜಾಗ ತುಂಬಲು ಕೈ ಸೋಲುತ್ತದೆ. ಬೆರಳು ಗಂಟು ನೋವಿರುವ ವಯಸ್ಸಾದವರಿಗೆ ಬ್ರಶ್ಶೇ ಹಗುರ. ಕಡು ಬಣ್ಣ ಅಕ್ರಿಲಿಕ್‌ನಷ್ಟು ತುಂಬಿಕೊಂಡು ಬರುವುದಿಲ್ಲ.

ನಮ್ಮ ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರವನ್ನೂ ಒಂದು ಮಧ್ಯಾಹ್ನ ತೋರಿಸಿದೆ. ಕಲಿಸಲು ಅದು ಹಡಗಿಗೆ ಒಗ್ಗುವುದಿಲ್ಲ. ಚಿನ್ನದ ಕೆಳಗೆ ಉಬ್ಬು ಕೊಡುವ ಗೆಸ್ಸೋ ಎಂಬ ಅಂಟು ಮಿಶ್ರಣ ಎಳೆದು ಒಣಗಲು ಬಿಡಬೇಕು. ಚಿನ್ನದ ರೇಕು ಏಸಿ ಗಾಳಿಗೆ ಹಾರಿ ಪಕ್ಕದ ಟೇಬಲ್ ಸೇರಿತು. ಆದರೆ ತಂಜಾವೂರಿನ ಚಿತ್ರದ ಹಾಗೆ ದಪ್ಪ ಉಬ್ಬಿಲ್ಲದೆ, ಕಲ್ಲುಗಳಿಲ್ಲದೆ, ನಮ್ಮಲ್ಲಿ ಗೆಸ್ಸೋ ಹೇಗೆ ನವಿರಾಗಿ ಏಳುತ್ತದೆ ಎಂದು ತೋರಿಸಿದಾಗ ಎಲ್ಲರೂ ಎದ್ದು ಹತ್ತಿರ ಬಂದರು. ಅದನ್ನು ನೋಡಲು ಕೊಡಿ, ಮಾಡಲು ಬೇಡ.

ಜನವರಿಯಲ್ಲಿ ಮತ್ತೆ ಕರೆ ಬಂದಿದೆ. ಮೊದಲ ಎರಡು ಪಾಠ ಪೆನ್ಸಿಲ್. ಕೈ ಪಳಗಿದವರಿಗೆ ಅದೇ ಮಲ್ಲಿಗೆಯನ್ನು ಜಲವರ್ಣದಲ್ಲಿ ಕೊಡುತ್ತೇನೆ, ಆ 13 ಜನರಂಥವರೂ ಈ ಸಲ ಉಳಿಯಬೇಕು ಎಂಬ ಆಸೆ. ಅಕ್ರಿಲಿಕ್ ಡಬ್ಬಿಗಳನ್ನು ಪಕ್ಕದ ಬೀದಿಯ ಶಾಲೆಗೆ ಕೊಟ್ಟುಬಿಟ್ಟೆ. ಅಲ್ಲಿ ನೆಲ ಸಿಮೆಂಟಿನದು, ಹಿತ್ತಲಲ್ಲಿ ನಲ್ಲಿಯೂ ಇದೆ.