ಕುಡಿತ ಬಿಡಲು ನೋಡಿದ ನಾಲ್ಕು ದಾರಿ, ಅದರಲ್ಲಿ ನನಗೆ ಹಿಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಬೀಗ ಹಾಕಿ ಕೂರಿಸುವ ಕೇಂದ್ರ, ಬರೀ ಮಾತ್ರೆ, ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರೇ ಸೇರುವ ಕೂಟ) ಮೀಟಿಂಗ್, ಸರ್ಕಾರಿ ಬೋಧನಾ ಆಸ್ಪತ್ರೆಯ ಕೌನ್ಸೆಲಿಂಗ್, ಈ ನಾಲ್ಕನ್ನೂ ನಾನು ನೋಡಿದ್ದೇನೆ. ನನ್ನ ಓಟು ಕೊನೆಯದಕ್ಕೆ. ಎರಡನೇ ಸ್ಥಾನ ಎಎಗೆ. ಮಾತ್ರೆ ಜೊತೆಯಲ್ಲಿರಲಿ. ಬೀಗ ಹಾಕುವ ಕೇಂದ್ರಕ್ಕೆ ಮಾತ್ರ ನಿಮ್ಮವರನ್ನು ಕಳಿಸಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮದು ತೆಂಗಿನ ಸೀಮೆಯ ಒಂದು ತಾಲೂಕು ಊರು. ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಶಟರ್ ಎಳೆದರೆ ಆ ದಿನದ ದುಡಿಮೆ ಹೋಯಿತು. ಹಾಗಾಗಿ ತಿಂಗಳ ಸಂಬಳ ಬರುವವರ ಲೆಕ್ಕ ನನ್ನ ಲೆಕ್ಕಕ್ಕಿಂತ ಬೇರೆ ಇರಬಹುದು. ಇನ್ನೊಂದು ವಿಷಯ. ನಾನು ಮಾತು ಕಮ್ಮಿ ಆಡುವವನು, ಸಂಜೆ ಹೊತ್ತು ಮಾತ್ರ ಕುಡಿಯುತ್ತಿದ್ದವನು. ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುವವರಿಗೆ ಮೊದಲು ಬೇಕಾದ್ದು ಡಾಕ್ಟರು, ಆಮೇಲೆ ಉಳಿದದ್ದು.

ಮನೆಯವರು ಮೊದಲು ಸೇರಿಸಿದ್ದು ಕೇಂದ್ರಕ್ಕೆ. ತಿಂಗಳಿಗೆ 15,000 ರೂಪಾಯಿ, ಅದೂ ಮುಂಗಡ. ಒಳಗೆ ಹೋದ ಕೂಡಲೇ ಫೋನ್ ಕಿತ್ತುಕೊಂಡರು, ತಲೆ ಬೋಳಿಸಿದರು. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಒಬ್ಬೊಬ್ಬರೇ ಮುಂದೆ ಬಂದು ಹೆಂಡತಿ ಮಕ್ಕಳಿಗೆ ಏನೇನು ಅನ್ಯಾಯ ಮಾಡಿದ್ದೇವೆ ಅಂತ ಜೋರಾಗಿ ಹೇಳಬೇಕು. ದನಿ ಚಿಕ್ಕದಾದರೆ ಬೈಗುಳ. ಚಿಕ್ಕಂದಿನಲ್ಲಿ ಏಟು ತಿಂದು ಬೆಳೆದವನಿಗೆ ಇದೆಲ್ಲ ಹೊಸದೇನಲ್ಲ. ತಲೆ ತಗ್ಗಿಸಿ, ಹೇಳಿದ್ದಕ್ಕೆಲ್ಲ ಹೂಂ ಅಂದು ಬದುಕುಳಿಯುವುದು ನನಗೆ ಆರನೇ ವಯಸ್ಸಿನಿಂದ ಗೊತ್ತು. ಒಳಗಿದ್ದಷ್ಟು ದಿನ ನಾನು ಅಲ್ಲಿನ ಮಾದರಿ ಪೇಷೆಂಟ್. ಹೊರಗೆ ಬಂದ ಮೊದಲ ಸಂಜೆಯೇ ಎದೆಯ ಬಿಗಿತ ಮೊದಲಿನ ಹಾಗೇ ಇತ್ತು. ಅದನ್ನು ಅಲ್ಲಿ ಯಾರೂ ಮುಟ್ಟಿಯೇ ಇರಲಿಲ್ಲ. ಊಟ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಮನೆಯವರಿಗೆ ಗೊತ್ತಿರಬೇಕಾದ ಮಾತೊಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕುಡಿತ ಮತ್ತು ಡ್ರಗ್ಸ್‌ಗೆ ಸಂಬಂಧಿಸಿದ ಮಾನಸಿಕ ತೊಂದರೆಗಳೂ ಸೇರಿವೆ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಸ್ವಂತ ಬಟ್ಟೆ ಹಾಕಿಕೊಳ್ಳುವುದು ರೋಗಿಯ ಹಕ್ಕು. ಫೋನ್ ಮಾಡುವುದು, ಮನೆಯವರನ್ನು ನೋಡುವುದು ಹಕ್ಕು. ಬಲವಂತವಾಗಿ ದುಡಿಸುವಂತಿಲ್ಲ, ಸರಪಳಿ ಹಾಕುವಂತಿಲ್ಲ. ಕೇಂದ್ರದವರ ಹತ್ತಿರ ನೋಂದಣಿ ಪತ್ರ ಕೇಳಿ. ತೋರಿಸದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಆಮೇಲೆ ಮಾತ್ರೆ. ಪ್ರೈವೇಟ್ ಕ್ಲಿನಿಕ್ಕಿನ ಡಾಕ್ಟರು ಡೈಸಲ್ಫಿರಾಮ್ ಬರೆದುಕೊಟ್ಟರು. ಇದನ್ನು ತಿಂದು ಕುಡಿದರೆ ಹೆಂಡ ಮೈಯಲ್ಲಿ ಪೂರ್ತಿ ಕರಗುವುದಿಲ್ಲ, ಮಧ್ಯದಲ್ಲೇ ವಿಷದಂಥ ಒಂದು ಪದಾರ್ಥವಾಗಿ ನಿಂತುಬಿಡುತ್ತದೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಶುರುವಾಗುತ್ತದೆ. ಆ ಭಯವೇ ಮದ್ದು. ಕೆಲವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆ ಮಾತ್ರೆ ಹಿಡಿದು ಹೆಂಡತಿ ನಿಲ್ಲಬೇಕು. ನುಂಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ಮಗ ಅದನ್ನು ನೋಡುತ್ತಾ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ. ಮನೆ ಕಳ್ಳ ಪೊಲೀಸ್ ಆಟವಾಗಿಹೋಯಿತು. ಭಯದಿಂದ ಶುರುವಾದ ಕುಡಿತಕ್ಕೆ ಇನ್ನೊಂದು ಭಯವೇ ಔಷಧಿ ಅಂದರೆ ನನ್ನಂಥವನಿಗೆ ಅದು ಒಗ್ಗಲಿಲ್ಲ.

ದಯವಿಟ್ಟು ಈ ಮಾತ್ರೆಯನ್ನು ಪುಡಿ ಮಾಡಿ ಸಾರಿನಲ್ಲಿ ಕದ್ದು ಬೆರೆಸಬೇಡಿ. ಗೊತ್ತಿಲ್ಲದೆ ಕುಡಿದರೆ ಪ್ರಾಣಕ್ಕೇ ಕುತ್ತು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಕುಡಿಯಬೇಕೆಂಬ ಸೆಳೆತ ಕಮ್ಮಿ ಮಾಡುವ ನಾಲ್ಟ್ರೆಕ್ಸೋನ್ ಅಂತ ಬೇರೆ ಮಾತ್ರೆ ಇದೆ. ಆಮೇಲೆ ಲಿವರ್ ಪರೀಕ್ಷೆ ಮಾಡಿಸಿ ನನಗೆ ಕೊಟ್ಟಿದ್ದು ಅದನ್ನೇ. ಅದರಲ್ಲಿ ಹೆದರಿಸುವುದು ಇಲ್ಲ.

ಹಾಗೆಯೇ ದಿನಾ ಜಾಸ್ತಿ ಕುಡಿಯುವವರು ಹಠಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಅದರ ಆಸುಪಾಸಿನಲ್ಲಿ ಇಲ್ಲದ್ದು ಕಾಣಿಸುವುದು, ಏನೇನೋ ಮಾತಾಡುವುದು ಶುರುವಾಗಬಹುದು. ಆಸ್ಪತ್ರೆಯಲ್ಲಿ ವಿಟಮಿನ್ ಬಿ1 ಇಂಜೆಕ್ಷನ್ ಮತ್ತು ನಡುಕ ಇಳಿಸುವ ಮಾತ್ರೆ ಕೊಟ್ಟು ಆ ದಿನಗಳನ್ನು ದಾಟಿಸುತ್ತಾರೆ.

ಎಎ ಬಗ್ಗೆ ನನಗೆ ಪ್ರೀತಿಯೇ ಇದೆ. ಅಮೆರಿಕದ ಆಕ್ರನ್ ಊರಿನಲ್ಲಿ 1935ರಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು ಇವತ್ತು ನಮ್ಮೂರಿನ ಶಾಲೆಯ ಕೋಣೆಯವರೆಗೆ ಬಂದಿದೆ. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕು ಅನ್ನಿಸಿದರೆ ಸಾಕು, ಬಂದು ಕೂರಬಹುದು. ಇಲ್ಲಿ ಯಾರೂ ಬೈಯುವುದಿಲ್ಲ. ನಮ್ಮಲ್ಲಿ ಮೀಟಿಂಗ್ ಇರುವುದು ಸಂಜೆ ಏಳಕ್ಕೆ. ನನಗೆ ಕಷ್ಟದ ಹೊತ್ತೂ ಅದೇ. ಅದೊಂದೇ ಕಾರಣಕ್ಕೆ ಈಗಲೂ ಹೋಗುತ್ತೇನೆ.

ಎಎಯಲ್ಲಿ ಕುಡಿತ ಬಿಡಲು ಹನ್ನೆರಡು ಹೆಜ್ಜೆಗಳಿವೆ. ನನಗೆ ಕಷ್ಟವಾಗಿದ್ದು ನಾಲ್ಕನೇ ಹೆಜ್ಜೆ. ಅಲ್ಲಿ ನಮ್ಮ ಒಳಗನ್ನು ನಾವೇ ತಪಾಸಣೆ ಮಾಡಿಕೊಂಡು ಬರೆಯಬೇಕು, ಐದರಲ್ಲಿ ನಮ್ಮ ತಪ್ಪುಗಳನ್ನು ಇನ್ನೊಬ್ಬರ ಮುಂದೆ ಹೇಳಬೇಕು. ಎಷ್ಟೋ ಜನ ಅದರಿಂದ ಹಗುರಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಪೆನ್ನು ಹಿಡಿದರೆ ನನಗೆ ಬರುತ್ತಿದ್ದದ್ದು ನಾನು ಮಾಡಿದ್ದಲ್ಲ, ನನಗೆ ಮಾಡಿದ್ದು. ಅದಕ್ಕೆ ಬೇರೆ ಜಾಗ ಬೇಕಿತ್ತು.

ಆ ಜಾಗ ಸಿಕ್ಕಿದ್ದು ಬೋಧನಾ ಆಸ್ಪತ್ರೆಯಲ್ಲಿ. ಡಾಕ್ಟರು ನೋಡಿ ಕೌನ್ಸೆಲಿಂಗ್‌ಗೆ ಬರೆದರು. ಕೌನ್ಸೆಲರ್ ಮೇಡಂ ಮೊದಲು ಕೇಳಿದ್ದು ಕುಡಿತದ ಬಗ್ಗೆ ಅಲ್ಲ. "ಬಾಗಿಲು ಹಾಕ್ಲಾ, ತೆಗೆದೇ ಇರ್ಲಾ? ಯಾವ ಕುರ್ಚಿ ನಿಮಗೆ ಆರಾಮ?" ಅಂದರು. ನಾನು ಬಾಗಿಲು ಕಾಣುವ ಕುರ್ಚಿ ಎಳೆದುಕೊಂಡೆ. ಬೆನ್ನು ಗೋಡೆಗೆ. ಅವರು ಅದನ್ನು ಗಮನಿಸಿದರು, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಸಂಜೆ ಏಳಕ್ಕೆ ಕುಡೀಬೇಕು ಅನ್ಸುತ್ತೆ ಅಂದ್ರಲ್ಲ, ಅದಕ್ಕೆ ಐದು ನಿಮಿಷ ಮುಂಚೆ ಮೈಯಲ್ಲಿ ಏನಾಗುತ್ತೆ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು. ಕಿವಿ ನಿಮಿರುತ್ತೆ ಅಂದೆ. ಯಾಕೆ ಅಂತ ಹೇಳುವಾಗ ನನಗೇ ಗೊತ್ತಾಯಿತು. ಅಪ್ಪನ ಲೂನಾ ಬೀದಿ ತಿರುವಿಗೆ ಬರುತ್ತಿದ್ದದ್ದು ಅದೇ ಹೊತ್ತಿಗೆ. ಲೂನಾ ಸದ್ದು ಎಡವಟ್ಟಾಗಿ ಬಂತೆಂದರೆ ಅವತ್ತು ಅಮ್ಮನಿಗೂ ನನಗೂ ಏಟು.

ಅಪ್ಪನ ಮೇಲೆ ಹೊರಿಸಿ ಕೈತೊಳೆದುಕೊಳ್ಳಲು ಇದನ್ನು ಬರೆಯುತ್ತಿಲ್ಲ. ಕುಡಿಯದೆ ಇರುವ ಕೆಲಸ ನನ್ನದೇ, ಅದನ್ನು ಮೇಡಂ ಕೂಡ ಸ್ಪಷ್ಟವಾಗಿ ಹೇಳಿದರು. ಆದರೆ ಕಾರಣ ಗೊತ್ತಾದರೆ ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ, ಅಲ್ವಾ? ಅಮೆರಿಕದಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ಡಾಕ್ಟರುಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಾಲ್ಯದಲ್ಲಿ ಹೊಡೆತ, ಬೈಗುಳ, ಮನೆಯಲ್ಲಿ ಕುಡಿತ, ತಾಯಿಗೆ ಏಟು ಇಂಥವುಗಳಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬಗೆಯವನ್ನು ಕಂಡವರಿಗೆ ಕುಡಿತದ ಚಟ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಇದನ್ನು ಕೇಳಿದಾಗ ನನಗೆ ಅಳು ಬಂತು. ನಾಚಿಕೆ ಕಮ್ಮಿಯಾಯಿತು. ನಾಚಿಕೆ ಕಮ್ಮಿಯಾದಷ್ಟೂ ಬಾಟಲಿಯ ಕಡೆ ಓಡುವುದೂ ಕಮ್ಮಿಯಾಯಿತು.

ಕಲಿಸಿದ್ದೆಲ್ಲ ಸರಳ. ಕಿವಿ ನಿಮಿರಿದಾಗ ಎರಡೂ ಪಾದ ನೆಲಕ್ಕೆ ಒತ್ತಿ ನಿಲ್ಲುವುದು, ಅಂಗಡಿಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು, ತಣ್ಣಗಿನ ನೀರಿನ ಸ್ಟೀಲ್ ಲೋಟವನ್ನು ಕೈಯಲ್ಲಿ ಹಿಡಿಯುವುದು. ಟೋನರ್ ಡಬ್ಬಿ, ಸ್ಪೈರಲ್ ಬೈಂಡಿಂಗ್ ಮಿಷಿನ್, ಎ4 ಬಂಡಲ್. ಇವತ್ತಿನ ತಾರೀಖು ಹೇಳಿಕೊಂಡು, ಅಪ್ಪ ಈಗ ಇಲ್ಲ ಅಂತ ಮೈಗೆ ತಿಳಿಸುವುದು.

ಇಷ್ಟು ಹೊಗಳಿದ ಮೇಲೆ ಇಲ್ಲಿನ ದೊಡ್ಡ ತೊಡಕನ್ನೂ ಹೇಳಬೇಕು. ಇಂಥ ಆಸ್ಪತ್ರೆಗಳಲ್ಲಿ ಕೌನ್ಸೆಲಿಂಗ್ ಮಾಡುವವರಲ್ಲಿ ಹೆಚ್ಚಿನವರು ಕಲಿಯುತ್ತಿರುವ ಮಕ್ಕಳು. ಪೋಸ್ಟಿಂಗ್ ಮುಗಿದರೆ ಬೇರೆ ವಿಭಾಗಕ್ಕೆ ಹೋಗುತ್ತಾರೆ. ಆ ಮೇಡಂ ಹೋದರು. ಹೊಸಬರು ಬಂದು ಫೈಲು ತೆರೆದು, ಪೆನ್ನು ಹಿಡಿದು, "ಸರ್, ಮೊದಲಿಂದ ಹೇಳಿ" ಅಂದರು. ಪಾಪ, ಒಳ್ಳೆಯ ಹುಡುಗ. ಹೇಳಿದೆ. ಲೂನಾ, ಬೆಲ್ಟು, ಅಮ್ಮ, ಎಲ್ಲ. ಅವನೂ ಹೋದ. ಮತ್ತೊಬ್ಬಳು ಬಂದಳು. "ಮೊದಲಿಂದ ಹೇಳಿ."

ಹೊರಗಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಬಿಲ್ ಕೌಂಟರಿನಲ್ಲಿ ವಿಳಾಸ ಇನ್ನೊಮ್ಮೆ ಹೇಳುವುದು ಬೇರೆ, ಇದು ಬೇರೆ. ಪ್ರತಿ ಸಲ ಹೇಳಿದಾಗಲೂ ಮೈ ಏಟು ತಿಂದ ಆ ಪಡಸಾಲೆಗೆ ವಾಪಸ್ ಹೋಗುತ್ತದೆ. ವಾಪಸ್ ಬರುವ ರೈಲಿನಲ್ಲಿ ಕೈ ನಡುಗುತ್ತಿತ್ತು. ಸ್ಟೇಷನ್ ಎದುರಿಗೇ ವೈನ್ ಸ್ಟೋರ್. ಕುಡಿತ ಬಿಡಿಸುವ ಜಾಗದಿಂದ ಬಂದ ದಿನವೇ ಕುಡಿಯುವ ಆಸೆ ಎಲ್ಲಕ್ಕಿಂತ ಜಾಸ್ತಿ. ಫೈಲಿನಲ್ಲಿ ಹಳಬರು ಬರೆದದ್ದನ್ನು ಒಮ್ಮೆ ಕೇಳಿ ನೋಡಿದೆ. ತಂದೆಗೆ ಕುಡಿತದ ಚಟ ಇತ್ತು, ಅಷ್ಟೇ. ಏಳು ಗಂಟೆಯ ವಿಷಯವಾಗಲಿ, ಕುರ್ಚಿಯ ವಿಷಯವಾಗಲಿ ಅದರಲ್ಲಿ ಇಲ್ಲ.

ಕೊನೆಗೆ ಒಬ್ಬ ಹಿರಿಯ ಕೌನ್ಸೆಲರ್ ಹತ್ತಿರ ಇದನ್ನು ಬಾಯಿಬಿಟ್ಟು ಹೇಳಿದೆ. ಆಗ ಅವರು ಹೇಳಿದ್ದು ನನಗೆ ದೊಡ್ಡ ನೆಮ್ಮದಿ. ಹಳೆಯ ಪೆಟ್ಟು ಮತ್ತು ಚಟ ಎರಡೂ ಇರುವವರಿಗೆಂದೇ ಲಿಸಾ ನಜವಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1990ರ ದಶಕದಲ್ಲಿ ರೂಪಿಸಿದ ಸೀಕಿಂಗ್ ಸೇಫ್ಟಿ ಎಂಬ ಪದ್ಧತಿ ಇದೆಯಂತೆ. ಅದರಲ್ಲಿ 25 ವಿಷಯಗಳಿವೆ. ಹಿಂದೆ ಆದದ್ದನ್ನು ಬಿಡಿಸಿ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಈಗ, ಈ ವಾರ, ಸುರಕ್ಷಿತವಾಗಿ ಇರುವುದು ಹೇಗೆ ಅನ್ನುವುದರ ಮೇಲೇ ಕೆಲಸ. ಅಂದರೆ ನಾನು ಪ್ರತಿ ಸಲ ಕಥೆ ಹೇಳಬೇಕು ಅನ್ನುವ ನಿಯಮ ಚಿಕಿತ್ಸೆಯದ್ದಲ್ಲ.

ಅವರೂ ನಾನೂ ಕೂತು ಒಂದು ಪುಟ ಬರೆದೆವು. ಅಂಗಡಿಗೆ ಬಂದು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ, ಲ್ಯಾಮಿನೇಷನ್ ಮಾಡಿ ಫೈಲಿಗೆ ಸೇರಿಸಿದೆ. ಆಗಿದ್ದು ಏನು ಅಂತ ಎರಡೇ ಸಾಲು. ಕಷ್ಟದ ಹೊತ್ತು: ಸಂಜೆ 7. ಕುರ್ಚಿ: ಬಾಗಿಲು ಕಾಣುವ ಹಾಗೆ. ಸಹಾಯ ಆಗುವುದು: ಪಾದ, ತಣ್ಣೀರು, ಎಎ. ಆಗದ್ದು: ಜೋರು ದನಿ, ಹೆಂಡತಿ ಮುಂದೆ ಪ್ರಶ್ನೆ. ಕೊನೆಯ ಸಾಲು: ಉಳಿದದ್ದನ್ನು ನಾನಾಗಿ ಹೇಳಿದರೆ ಕೇಳಿ. ಮುಂದಿನ ಸಲ ಬಂದ ಹೊಸ ಹುಡುಗಿ ಅದನ್ನು ಓದಿ, ಫೈಲು ಮುಚ್ಚಿ, "ಈ ವಾರ ಸಂಜೆಗಳು ಹೇಗಿದ್ವು ಸರ್?" ಅಂತ ಕೇಳಿದಳು. ಆ ದಿನ ರೈಲಿನಲ್ಲಿ ನಿದ್ದೆ ಬಂತು. ಈ ಪುಟವನ್ನು ರೋಗಿ ಕೇಳಿ ಬರೆಸುವಂತಾಗಬಾರದು. ಪ್ರತಿ ಆಸ್ಪತ್ರೆಯೂ ಮೊದಲ ತಿಂಗಳಲ್ಲೇ ತಾನಾಗಿ ಮಾಡಿಕೊಡಬೇಕು.

ಮಧ್ಯದಲ್ಲಿ ಕುಡಿದುಬಿಟ್ಟರೆ ಏನಾಗುತ್ತದೆ? ನಾಲ್ಕು ದಾರಿಯ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲೇ. ಕೇಂದ್ರದಲ್ಲಿ ಹೀಗೆ ಮರಳಿ ಬಂದವರನ್ನು ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡುತ್ತಿದ್ದರು. ಮಾತ್ರೆ ಡಾಕ್ಟರು ಡೋಸ್ ನೋಡಿ ಕಳಿಸಿದರು. ಎಎಯಲ್ಲಿ ಭುಜ ತಟ್ಟಿ ಪಕ್ಕದಲ್ಲಿ ಕೂರಿಸಿಕೊಂಡರು, ದಿನದ ಎಣಿಕೆ ಮಾತ್ರ ಮೊದಲಿಂದ. ಕೌನ್ಸೆಲಿಂಗ್‌ನಲ್ಲಿ, "ಬಂದಿದ್ದು ಒಳ್ಳೇದಾಯ್ತು, ಅವತ್ತು ಬೆಳಿಗ್ಗೆಯಿಂದ ಏನೇನಾಯ್ತು ನೋಡೋಣ" ಅಂದರು. ಅವತ್ತು ಬೀದಿಯಲ್ಲಿ ಗಂಡ ಹೆಂಡತಿ ಜಗಳ ಕೇಳಿಸಿತ್ತು. ಅದು ಗೊತ್ತಾದ ಮೇಲೆ ಅಂಥ ದಿನಕ್ಕೆ ಏನು ಮಾಡಬೇಕು ಅಂತ ಹೆಂಡತಿಗೂ ನನಗೂ ತಿಳಿದಿದೆ.

ದುಡ್ಡಿನ ಲೆಕ್ಕದಲ್ಲಿ ಎಎ ಬಿಟ್ಟರೆ ಅಗ್ಗದ್ದು ಸರ್ಕಾರಿ ಆಸ್ಪತ್ರೆ. ಚೀಟಿ ದುಡ್ಡು, ರೈಲು ಟಿಕೆಟ್, ಒಂದು ದಿನದ ಅಂಗಡಿ ನಷ್ಟ. ಕ್ಯೂ ಉದ್ದ ಇರುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ. ಕೈಯಲ್ಲಿ ದುಡ್ಡಿದ್ದು, ಒಬ್ಬರೇ ಕೌನ್ಸೆಲರ್ ವರ್ಷಗಟ್ಟಲೆ ಸಿಗುವ ಪ್ರೈವೇಟ್ ಜಾಗ ಗೊತ್ತಿದ್ದರೆ ಅಲ್ಲಿಗೇ ಹೋಗಿ, ನನ್ನ ತೊಡಕು ನಿಮಗಿರುವುದಿಲ್ಲ. ಹಣಕ್ಕಿಂತ ಒಂಟಿತನ ದೊಡ್ಡದಾಗಿರುವವರು ಎಎಯಿಂದ ಶುರು ಮಾಡಿ.

ದೂರ ಹೋಗಲು ಆಗದವರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಇದೆ, ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮಾನಸ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕುಡಿಯುವವರೇ ಮಾಡಬೇಕೆಂದಿಲ್ಲ, ಅವರ ಹೆಂಡತಿ, ಅಮ್ಮ, ಮಗಳು ಯಾರು ಬೇಕಾದರೂ ಮಾಡಿ.