ರಿಕ್ವೈರ್ಡ್, ರಿಕ್ವೈರ್ಸ್ ನ್ಯೂ, ಮ್ಯಾಂಡೇಟರಿ: ಮಂಡಿಯ ಲೆಕ್ಕದಲ್ಲಿ ಕಂಡದ್ದು

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯೊಂದರ ಮೆಕ್ಕೆಜೋಳದ ಲೆಕ್ಕಕ್ಕಾಗಿ ಜಾವಾ ಇಜೆಬಿಯಲ್ಲಿ (ಎಂಟರ್‌ಪ್ರೈಸ್ ಜಾವಾಬೀನ್ಸ್ ಎಂಬ ಚೌಕಟ್ಟು) ತಂತ್ರಾಂಶ ಬರೆಯುವಾಗ, ಯಾವ ಮೆಥಡ್‌ಗೆ ಯಾವ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕಾದ, ಇಲ್ಲವೇ ಏನೂ ಆಗಬಾರದ ಕೆಲಸಗಳ ಗುಂಪು) ಗುಣ ಕೊಡಬೇಕೆಂಬುದನ್ನು ಒಂದೊಂದಾಗಿ ಬದಲಿಸಿ ನೋಡಿದೆ. ತೂಕದ ಚೀಟಿ ನಮೂದಾದಾಗ ಚೀಲಗಳ ದಾಸ್ತಾನು, ರೈತರ ಖಾತೆಯ ಜಮೆ, ಖರೀದಿದಾರರ ಬಾಕಿ ಈ ಮೂರೂ ಒಟ್ಟಿಗೆ ಬದಲಾಗಬೇಕು, ಇಲ್ಲವೇ ಒಂದೂ ಬದಲಾಗಬಾರದು. ಆದರೆ ಯಾರು ಯಾವಾಗ ಪ್ರಯತ್ನಿಸಿದರೆಂಬ ದಾಖಲೆಯ ಸಾಲು ಕೆಲಸ ಕೆಟ್ಟರೂ ಉಳಿಯಬೇಕು.

ಏನನ್ನೂ ಬರೆಯದಿದ್ದರೆ ಕಂಟೇನರ್ (ಬೀನ್ ಎಂಬ ಕೋಡ್ ಘಟಕಗಳನ್ನು ನಡೆಸುವ ಸರ್ವರ್ ಭಾಗ) ರಿಕ್ವೈರ್ಡ್ ಎಂದೇ ಭಾವಿಸುತ್ತದೆ: ಟ್ರಾನ್ಸಾಕ್ಷನ್ ಇದ್ದರೆ ಅದರಲ್ಲೇ ಸೇರುವುದು, ಇಲ್ಲದಿದ್ದರೆ ಹೊಸದನ್ನು ತೆರೆಯುವುದು. ಮೂರು ಖಾತೆಗಳಿಗೆ ಅದು ಸಾಕಾಯಿತು. ದಾಖಲೆಗೂ ಅದನ್ನೇ ಬಿಟ್ಟಾಗ ಮಾತ್ರ, ಬಾಕಿಯ ಹಂತದಲ್ಲಿ ರನ್‌ಟೈಮ್ ಎಕ್ಸೆಪ್ಷನ್ (ಕೋಡ್ ನಡೆಯುವಾಗಿನ ದೋಷ) ಬಂದು ಎಲ್ಲವೂ ರೋಲ್‌ಬ್ಯಾಕ್ ಆದ, ಅಂದರೆ ಮೊದಲಿನ ಸ್ಥಿತಿಗೆ ಮರಳಿದ ಕೂಡಲೇ ದಾಖಲೆಯ ಸಾಲೂ ಅಳಿಸಿಹೋಯಿತು. ಕರೆದವರ ಕಡೆ ಆ ಎಕ್ಸೆಪ್ಷನ್ ಹಿಡಿದು ನುಂಗಿದರೂ ಪ್ರಯೋಜನವಾಗಲಿಲ್ಲ. ಟ್ರಾನ್ಸಾಕ್ಷನ್ ಆಗಲೇ ರೋಲ್‌ಬ್ಯಾಕ್‌ಗೆ ಗುರುತಾಗಿತ್ತು.

ದಾಖಲೆಗೆ ರಿಕ್ವೈರ್ಸ್ ನ್ಯೂ ಕೊಟ್ಟೆ, ಅಂದರೆ ಹೊರಗಿನದನ್ನು ತಡೆದು ಯಾವಾಗಲೂ ಹೊಸ ಟ್ರಾನ್ಸಾಕ್ಷನ್. ಸಾಲು ಆಗಲೂ ಉಳಿಯಲಿಲ್ಲ, ಅರ್ಧ ದಿನ ಹಾಳಾಯಿತು. ತಪ್ಪು ನನ್ನದೇ: ಅದೇ ಬೀನ್‌ನ ಒಳಗಿನಿಂದ ನೇರವಾಗಿ ಕರೆದಿದ್ದರಿಂದ ಕರೆ ಕಂಟೇನರ್ ಮೂಲಕ ಹಾಯಲೇ ಇಲ್ಲ, ಗುಣ ಕಾಗದದ ಮೇಲಷ್ಟೇ ಉಳಿಯಿತು. ಮೆಥಡ್ಡನ್ನು ಬೇರೆ ಬೀನ್‌ಗೆ ಸರಿಸಿದ ಮೇಲೆ, ಚೀಟಿ ರದ್ದಾದರೂ ದಾಖಲೆ ನಿಂತಿತು.

ಇಷ್ಟಾದರೂ ಅದನ್ನು ಧಾರಾಳವಾಗಿ ಬಳಸುವಂತಿಲ್ಲ. ಹೊರಗಿನ ಟ್ರಾನ್ಸಾಕ್ಷನ್ ತನ್ನ ಡೇಟಾಬೇಸ್ ಕನೆಕ್ಷನ್ ಹಿಡಿದುಕೊಂಡೇ ಕಾಯುತ್ತಿರುತ್ತದೆ, ಒಳಗಿನದಕ್ಕೆ ಇನ್ನೊಂದು ಬೇಕು. ಐದು ಕನೆಕ್ಷನ್‌ಗಳ ಪೂಲ್ ಇಟ್ಟು ಐದು ಚೀಟಿಗಳನ್ನು ಏಕಕಾಲಕ್ಕೆ ಕಳಿಸಿದಾಗ ಐದೂ ಪರಸ್ಪರ ಕಾಯುತ್ತ ನಿಂತವು. ರೈತರ ಖಾತೆಗೂ ಇದೇ ಗುಣ ಕೊಟ್ಟು ನೋಡಿದ್ದು ಇನ್ನೂ ಕೆಟ್ಟದಾಯಿತು: ಹೊರಗಿನದು ಬದಲಿಸಿ ಕಮಿಟ್ ಮಾಡದ (ಖಾಯಂಗೊಳಿಸದ) ಸಾಲನ್ನೇ ಒಳಗಿನದು ಬದಲಿಸಲು ಹೋಗಿ, ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಸಂಗ್ರಹ ಎಂಜಿನ್ ಇನ್ನೊಡಿಬಿ ಲಾಕ್‌ಗಾಗಿ ತನ್ನ ರೂಢಿಯ 50 ಸೆಕೆಂಡ್ ಕಾದು ಕೈಬಿಟ್ಟಿತು.

ನನಗೆ ಹೆಚ್ಚು ಹಿಡಿಸಿದ್ದು ಮ್ಯಾಂಡೇಟರಿ: ಕರೆದವರ ಟ್ರಾನ್ಸಾಕ್ಷನ್ ಮೊದಲೇ ಇರಲೇಬೇಕು. ದಾಸ್ತಾನು ಇಳಿಸುವ ಮೆಥಡ್‌ಗೆ ಅದನ್ನು ಕೊಟ್ಟ ಮೇಲೆ, ಟ್ರಾನ್ಸಾಕ್ಷನ್ ಇಲ್ಲದೆ ಪರದೆಯಿಂದಲೇ ಅದನ್ನು ಕರೆದಿದ್ದ ಕೋಡ್ ಮೊದಲ ಪರೀಕ್ಷೆಯಲ್ಲೇ ಎಕ್ಸೆಪ್ಷನ್ ಕೊಟ್ಟು ನಿಂತಿತು. ರಿಕ್ವೈರ್ಡ್ ಇದ್ದಿದ್ದರೆ ಹೊಸ ಟ್ರಾನ್ಸಾಕ್ಷನ್ ತೆರೆದು ಚೀಲಗಳನ್ನು ಮಾತ್ರ ಇಳಿಸಿ, ಜಮೆಯಿಲ್ಲದೆ ಸದ್ದಿಲ್ಲದೆ ಕಮಿಟ್ ಆಗಿಬಿಡುತ್ತಿತ್ತು.

ಸಪೋರ್ಟ್ಸ್ ಕರೆದವರಿಗೆ ತಕ್ಕಂತೆ (ಟ್ರಾನ್ಸಾಕ್ಷನ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಅದಿಲ್ಲದೆಯೇ) ನಡತೆ ಬದಲಿಸುವುದರಿಂದ ಖಾತೆ ಬದಲಿಸುವಲ್ಲಿ ನಾನು ಇಡುವುದಿಲ್ಲ. ಟ್ರಾನ್ಸಾಕ್ಷನ್ ಇದ್ದರೆ ಎಕ್ಸೆಪ್ಷನ್ ಕೊಡುವ ನೆವರ್‌ಗೆ ಇಲ್ಲಿ ಕೆಲಸವಿರಲಿಲ್ಲ. ರೈತರಿಗೆ ಎಸ್‌ಎಂಎಸ್ ಕಳಿಸುವ ಮೆಥಡ್‌ಗೆ ನಾಟ್ ಸಪೋರ್ಟೆಡ್ (ಟ್ರಾನ್ಸಾಕ್ಷನ್‌ನ ಹೊರಗೆ ನಡೆಸುವುದು) ಕೊಟ್ಟು, ಚೀಟಿಯ ಟ್ರಾನ್ಸಾಕ್ಷನ್ ಕಮಿಟ್ ಆದ ಮೇಲಷ್ಟೇ ಅದನ್ನು ಕರೆಯುವಂತೆ ಮಾಡಿದ್ದೇನೆ, ಏಕೆಂದರೆ ಒಮ್ಮೆ ಹೋದ ಸಂದೇಶವನ್ನು ಯಾವ ರೋಲ್‌ಬ್ಯಾಕ್ ಕೂಡ ಹಿಂದಕ್ಕೆ ತರಲಾರದು.