ಅಡ್ವೆಂಟ್ ಕ್ಯಾಲೆಂಡರ್ ಬೇಡ, ನಾಲ್ಕು ಕ್ಯಾಂಡಲ್ ಸಾಕು

ಡಿಸೆಂಬರ್ ಹತ್ತಿರವಾದಂತೆ ಅಂಗಡಿಗಳಲ್ಲಿ 24 ಬಾಗಿಲಿನ ಅಡ್ವೆಂಟ್ ಕ್ಯಾಲೆಂಡರ್‌ಗಳ ರಾಶಿ. ದಿನಕ್ಕೊಂದು ಬಾಗಿಲು ತೆರೆದರೆ ಚಾಕೊಲೇಟೋ ಲಿಪ್‌ಸ್ಟಿಕ್ಕೋ ಆಟಿಕೆಯೋ ಸಿಗುತ್ತದೆ. ಸಾಮಾನೇನೋ ಚೆನ್ನಾಗಿಯೇ ಇರುತ್ತದೆ. ಆದರೆ ಅಡ್ವೆಂಟ್ ಎಂದರೆ ಆಗಮನ ಕಾಲ, ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು. ಕಾಯುವುದಕ್ಕೆಂದೇ ಮೀಸಲಾದ ಈ ಕಾಲದಲ್ಲಿ ದಿನಾ ಬೆಳಿಗ್ಗೆ ಕೈಗೆ ಏನಾದರೂ ಬೀಳುತ್ತಿದ್ದರೆ ಕಾಯುವುದೇನು ಬಂತು? ಲೆಕ್ಕವೂ ಕೂಡುವುದಿಲ್ಲ. ಕ್ಯಾಲೆಂಡರ್ ಪೆಟ್ಟಿಗೆಯ ಬಾಗಿಲುಗಳು ಡಿಸೆಂಬರ್ 1ರಿಂದ ಶುರು. ಆಗಮನ ಕಾಲ ಶುರುವಾಗುವುದು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ. ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಎಂದಾದರೂ ಬರಬಹುದು. 2022ರಲ್ಲಿ ನವೆಂಬರ್ 27ಕ್ಕೇ ಬಂತು. ಮೊದಲ ನಾಲ್ಕು ದಿನಕ್ಕೆ ಪೆಟ್ಟಿಗೆಯಲ್ಲಿ ಬಾಗಿಲೇ ಇರಲಿಲ್ಲ.

ಅದರ ಬದಲು ಅಡ್ವೆಂಟ್ ರೀತ್ ವಾಸಿ. ಹಸಿರೆಲೆಯ ಚಕ್ರ, ನಾಲ್ಕು ಕ್ಯಾಂಡಲ್: ಮೊದಲ ವಾರ ಒಂದು, ಎರಡನೇ ವಾರ ಎರಡು, ಹೀಗೆ ಹಚ್ಚುತ್ತಾ ಹೋಗುವುದು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್, ಕ್ರಿಸ್‌ಮಸ್ ಯಾವಾಗ ಎಂದು ಪೀಡಿಸುತ್ತಿದ್ದ ಆಶ್ರಮದ ಮಕ್ಕಳಿಗಾಗಿ ಬಂಡಿಚಕ್ರದ ಮೇಲೆ ಇದರ ಮೊದಲ ರೂಪವನ್ನು ಮಾಡಿದರಂತೆ.

ಸಿದ್ಧ ಸೆಟ್ ಕೊಳ್ಳುವಾಗ ಕ್ಯಾಂಡಲ್‌ನ ಉದ್ದ ನೋಡಿ. ದಿನಕ್ಕೆ 20 ನಿಮಿಷ ಹಚ್ಚಿದರೆ 28 ದಿನದಲ್ಲಿ ಮೊದಲನೆಯದು ಒಂಬತ್ತು ಗಂಟೆ ಮೀರಿ ಉರಿಯಬೇಕು. ನಾಲ್ಕನೆಯದಕ್ಕೆ ಎರಡು ಗಂಟೆ 20 ನಿಮಿಷ ಸಾಕು. ಸಣಕಲು ಕ್ಯಾಂಡಲ್ ಗಂಟೆಗೆ ಸುಮಾರು ಒಂದಿಂಚು ಕರಗುತ್ತದೆ. ಆರಿಂಚಿನದು ಮೂರನೇ ವಾರದಲ್ಲೇ ಮುಗಿಯುತ್ತದೆ. ಹತ್ತಿಂಚಿನದು ಹೇಗೋ ಸಾಲುತ್ತದೆ. ದಪ್ಪ ಕ್ಯಾಂಡಲ್ ಬಾಳಿಕೆ ಬರುತ್ತದೆಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. 20 ನಿಮಿಷದಲ್ಲಿ ಮೇಣ ಅಂಚಿನವರೆಗೆ ಕರಗುವುದಿಲ್ಲ, ನಡುವೆ ಬಾವಿಯಂತೆ ಗುಂಡಿ ಬಿದ್ದು ಬತ್ತಿ ಮುಳುಗಿ ಆರುತ್ತದೆ. ಬ್ಯಾಟರಿಯದ್ದಂತೂ ಬೇಡವೇ ಬೇಡ. ಒಂದು ಗಿಡ್ಡ, ಒಂದು ಉದ್ದ, ಈ ಏರುಪೇರೇ ಇಲ್ಲಿ ಕ್ಯಾಲೆಂಡರ್. ಬ್ಯಾಟರಿಯದ್ದು ಕರಗುವುದೇ ಇಲ್ಲವಲ್ಲ!

ಹಿಡಿಕೆಯ ತೂತು ಸಡಿಲವಿದ್ದರೆ ಕ್ಯಾಂಡಲ್ ವಾಲುತ್ತದೆ. ಬುಡಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಕಾಗದ ಬೇಡ. ಬತ್ತಿಯನ್ನು ಕಾಲಿಂಚಿಗೆ ಕತ್ತರಿಸಿಕೊಂಡರೆ ಹೊಗೆ ಕಡಿಮೆ. ಹಸಿ ಎಲೆ ಒಣಗಿ ಉದುರತೊಡಗಿದ ದಿನವೇ ಬದಲಿಸಿ, ಅದು ಬೇಗ ಬೆಂಕಿ ಹಿಡಿಯುತ್ತದೆ. ಬಣ್ಣಕ್ಕೆ ತಲೆಕೆಡಿಸಿಕೊಳ್ಳಬೇಡಿ. ಮೂರು ನೇರಳೆ, ಮೂರನೇ ವಾರಕ್ಕೆ ಗುಲಾಬಿ ಎನ್ನುವುದು ಕಥೋಲಿಕರ ರೂಢಿ. ನಾಲ್ಕೂ ಕೆಂಪು ಇಡುವವರೂ ಇದ್ದಾರೆ.

ಬಳಸುವ ಕ್ರಮ ಸರಳ. ಕ್ಯಾಂಡಲ್ ಹಚ್ಚುವ ಮುಂಚೆ ಕೋಣೆಯ ದೀಪ ಆರಿಸಿ, ಫೋನ್ ಇನ್ನೊಂದು ಕೋಣೆಯಲ್ಲಿಡಿ. ಆ ದಿನಕ್ಕೆ ಗೊತ್ತುಮಾಡಿದ ಬೈಬಲ್ ಭಾಗವನ್ನು ಒಬ್ಬರು ಗಟ್ಟಿಯಾಗಿ ಓದಲಿ, ಆಮೇಲೆ ಐದು ನಿಮಿಷ ಯಾರೂ ಮಾತಾಡಬಾರದು. ಮೊದಲ ವಾರ ಈ ಐದು ನಿಮಿಷವೇ ಕಷ್ಟ. ಮಕ್ಕಳಿರುವ ಮನೆಯಲ್ಲಿ ಎರಡು ನಿಮಿಷದಿಂದ ಶುರುಮಾಡಿ, ಊದಿ ಆರಿಸುವ ಸರದಿ ಅವರಿಗೇ ಬಿಡಿ. ಡಿಸೆಂಬರ್ 17ರಿಂದ ಲೂಕ 1:46–55, ಅಂದರೆ ಮರಿಯಳ ಸ್ತುತಿಗೀತೆಯನ್ನು ಸೇರಿಸಿಕೊಳ್ಳಿ. ಹಸಿದವರನ್ನು ತೃಪ್ತಿಪಡಿಸಿ ಐಶ್ವರ್ಯವಂತರನ್ನು ಬರಿಗೈಯಲ್ಲಿ ಕಳಿಸುವ ಮಾತು ಅಲ್ಲಿದೆ. ಶಾಪಿಂಗ್ ಪಟ್ಟಿ ಬರೆಯುವ ಮುಂಚೆ ಓದುವುದು ಒಳ್ಳೆಯದು.

ಐದನೆಯ ಬಿಳಿ ಕ್ಯಾಂಡಲ್ ಸೇರಿಸಿ ಮಾರುವ ಸೆಟ್‌ಗೆ ಹೆಚ್ಚು ದುಡ್ಡು ಕೊಡಬೇಡಿ. ಕ್ರಿಸ್‌ಮಸ್ ದಿನ ನಡುವೆ ಇಡಲು ಮನೆಯಲ್ಲಿರುವ ಯಾವ ಬಿಳಿ ಕ್ಯಾಂಡಲ್ ಆದರೂ ನಡೆಯುತ್ತದೆ. ಲೋಹದ ಚಕ್ರ ಕೊಂಡರೆ ಮುಂದಿನ ವರ್ಷಕ್ಕೆ ಕ್ಯಾಂಡಲ್ ಮಾತ್ರ ತಂದರಾಯಿತು.